ತೋಳಬಂದಿಗೆ ತಕ್ಕ ತೋಳು

ಸಿಂಧನೂರಿನಿಂದ ಲಿಂಗಸುಗೂರಿಗೆ ಹೋಗುವ ಬೆಳಗಿನ ಬಸ್ಸಿನಲ್ಲಿ ಮೇಲಿನ ಕಂಬಿ ಹಿಡಿದು ನಿಲ್ಲುವುದು ನಮಗೆಲ್ಲ ಶಿಕ್ಷೆ. ಅನುಪಮಾಳಿಗೆ ಮಾತ್ರ ಅದು ವ್ಯಾಯಾಮ. ಸೀಟು ಖಾಲಿ ಇದ್ದರೂ ಕೂರದೆ ಎರಡೂ ಕೈಯಲ್ಲಿ ಕಂಬಿ ಹಿಡಿದು, ಹಿಮ್ಮಡಿ ಎತ್ತಿ, ಹಲ್ಲು ಕಚ್ಚಿ ಜೋತುಬೀಳುತ್ತಿದ್ದಳು. ಟಿಕೆಟ್ ಕೊಡುತ್ತ ಬಂದ ಕಂಡಕ್ಟರ್ ಪೀರ್‌ಸಾಬ್ ಒಂದು ದಿನ ನಿಂತು ನೋಡಿ, “ಮೇಡಂರೀ, ನಿಮಗ ಟಿಕೆಟ್ ಪುಕ್ಕಟೆ ಐತಿ ಖರೆ, ಕಂಬಿ ಪುಕ್ಕಟೆ ಅಲ್ರೀ. ಕಿತ್ತು ಮನೀಗೆ ಒಯ್ಯಬ್ಯಾಡ್ರಿ,” ಎಂದರು. ಇಡೀ ಬಸ್ಸು ನಕ್ಕಿತು. ಅವಳೂ ನಕ್ಕಳು, ಆದರೆ ಕಂಬಿ ಬಿಡಲಿಲ್ಲ.

ನಾನು ನಾಗವೇಣಿ, ಮಸ್ಕಿಯ ಒಂದು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಪಾಠ ಮಾಡುವವಳು. ನಾನು ಮಸ್ಕಿಯಲ್ಲಿ ಇಳಿದರೆ ಅನುಪಮಾ ಲಿಂಗಸುಗೂರಿನ ತನಕ ಹೋಗುತ್ತಾಳೆ. ಅಲ್ಲಿಯ ಒಂದು ಕಚೇರಿಯಲ್ಲಿ ಅವಳು ಗುಮಾಸ್ತೆ. ಸಿಂಧನೂರಿನಲ್ಲಿ ನಮ್ಮ ಮನೆಗಳು ಎದುರುಬದುರು. ಬಸ್ಸಿನ ಪರಿಚಯ ಮೊದಲು ಸಾರು ಪಲ್ಯದ ಪರಿಚಯವಾಯಿತು, ಆಮೇಲೆ ಒಬ್ಬರ ಮನೆಯ ಜಗಳ ಇನ್ನೊಬ್ಬರು ಬಿಡಿಸುವಷ್ಟು ಬೆಳೆಯಿತು. ಅವಳು ಆಗ ಎಷ್ಟು ಸಣಕಲಿ ಇದ್ದಳೆಂದರೆ, ಕುಪ್ಪಸದ ತೋಳನ್ನು ಎಷ್ಟು ಸಲ ಹಿಡಿಸಿದರೂ ಅದರೊಳಗೆ ಇನ್ನೊಂದು ತೋಳಿಗೆ ಜಾಗ ಉಳಿಯುತ್ತಿತ್ತು. ಇಂಥವಳು ದಪ್ಪ ತೋಳು ಬೇಕೆಂದು ಹಟ ಹಿಡಿದದ್ದು ಒಂದು ಬೆಳ್ಳಿಯ ತೋಳಬಂದಿಗಾಗಿ.

ಅವಳ ಗಂಡನ ಮನೆ ಜವಳಗೇರಾ. ಗಂಡ ಮಲ್ಲೇಶ ಸಿಂಧನೂರಿನಲ್ಲಿ ಕೆಲಸದಲ್ಲಿದ್ದಾನೆ. ಅತ್ತೆ ಯಮನಮ್ಮ ಮಾತ್ರ ಊರು ಬಿಟ್ಟು ಬರುವವಳಲ್ಲ. ಊರ ತುಂಬ ಅವಳಿಗೆ ಗೆಳತಿಯರಿದ್ದಾರೆ, ಪೇಟೆಗೆ ಬಂದರೆ ಹೊತ್ತು ಹೋಗುವುದಿಲ್ಲ ಅನ್ನುತ್ತಾಳೆ. ಆ ಮನೆಯಲ್ಲಿ ಯಮನಮ್ಮನ ಅತ್ತೆ ಆದಮ್ಮನ ಕಾಲದ ಒಂದು ತೋಳಬಂದಿ ಇದೆ. ಕೊಂಡಿ ಇಲ್ಲ, ಬಾಯಿ ಇಲ್ಲ, ಹೆಬ್ಬೆರಳು ಗಾತ್ರದ ಗಟ್ಟಿ ಬೆಳ್ಳಿ ಬಳೆ. ಕೈಗೆ ಎಣ್ಣೆ ಹಚ್ಚಿ, ಮೊಣಕೈ ದಾಟಿಸಿ, ಮೇಲಕ್ಕೆ ಒತ್ತಬೇಕು.

ಆದಮ್ಮನ ಕಥೆಯನ್ನು ಅನುಪಮಾ ನನಗೆ ಬಸ್ಸಿನಲ್ಲೇ ಹೇಳಿದ್ದು. ಕಾಲುವೆ ನೀರು ಬಂದು ಜವಳಗೇರಾದ ಸುತ್ತ ನೆಲ್ಲಿನ ಗದ್ದೆಗಳಾದ ಕಾಲ. ಆದಮ್ಮ ನಾಟಿಗೆ ಹೋಗಿ, ಚೀಲ ಹೊತ್ತು, ಕೂಲಿಯಲ್ಲಿ ಉಳಿಸಿ ಈ ಬಂದಿ ಮಾಡಿಸಿಕೊಂಡಳು. ಆಗ ಅವರ ಕೇರಿಯ ಹೆಂಗಸರು ಮೊಣಕೈ ಮೇಲೆ ಬೆಳ್ಳಿ ಹಾಕುವಂತಿರಲಿಲ್ಲ. ಸಮಾಜ ಪಾಠ ಮಾಡುವ ನಾನು ಈ ಕಾನೂನನ್ನು ಯಾವ ಪುಸ್ತಕದಲ್ಲೂ ಓದಿಲ್ಲ, ಆದರೆ ಊರಿಗೆಲ್ಲ ಅದು ಬಾಯಿಪಾಠವಾಗಿತ್ತು. ನೀರು ತರುತ್ತಿದ್ದವಳನ್ನು ದೊಡ್ಡ ಮನೆಯ ಮುಂದೆ ತಡೆದು, ಅದನ್ನು ಬಿಚ್ಚು ಅಂದರು. “ಇದು ಬಿಚ್ಚಾಕ ಬರಂಗಿಲ್ರೀ, ಬೇಕಂದ್ರ ಜಗ್ಗಿ ತಗೋರಿ,” ಅಂದಳಂತೆ ಆದಮ್ಮ. ಜಗ್ಗಬೇಕೆಂದರೆ ಅವಳನ್ನು ಮುಟ್ಟಬೇಕು, ಮುಟ್ಟಿದರೆ ಅವರು ಸ್ನಾನ ಮಾಡಬೇಕು. ಕೊನೆಗೆ ಕೇರಿಯವನೇ ಒಬ್ಬನನ್ನು ಕರೆಸಿ ಜಗ್ಗಿಸಿದರು. ಬಂದಿ ಬರಲಿಲ್ಲ. ಆದಮ್ಮ ಕೊಡ ಹೊತ್ತುಕೊಂಡು, ಬಂದಿ ತೊಟ್ಟುಕೊಂಡೇ ಮನೆಗೆ ಹೋದಳು. ಅವಳ ತೋಳು ಅಷ್ಟು ದಪ್ಪ, ಅಷ್ಟು ಬಿಗಿ ಇತ್ತೆಂದು ಮನೆಯವರು ಇಂದಿಗೂ ಹೇಳುತ್ತಾರೆ. ಈ ಕಥೆ ಕೇಳಿದ ದಿನ ನನಗೆ ಮಸ್ಕಿ ಬಂದದ್ದೇ ತಿಳಿಯಲಿಲ್ಲ, ಪೀರ್‌ಸಾಬ್ ಕೂಗಿ ಇಳಿಸಿದರು.

ಆದಮ್ಮ ತೀರಿಕೊಂಡ ಮೇಲೆ ಅವಳ ನೆನಪಿಗೆ ಆ ಮನೆಯಲ್ಲಿ ಒಂದು ಪದ್ಧತಿ ಬಂದಿದೆ. ಪ್ರತಿ ನಾಗರ ಪಂಚಮಿಗೆ ಮನೆಯ ಹಿರಿಯ ಹೆಣ್ಣುಮಗಳು ಬಂದಿ ತೊಟ್ಟು, ಬಲಗೈ ನೆಟ್ಟಗೆ ಚಾಚಿ ಪಡಸಾಲೆಯಲ್ಲಿ ನಿಲ್ಲಬೇಕು. ಬಳಗದ ಹೆಂಗಸರು ಒಬ್ಬೊಬ್ಬರಾಗಿ ಬಂದು ಒಂದು ಸಲ ಜಗ್ಗಬೇಕು. ಬರಲಿಲ್ಲವೆಂದರೆ ಎಲ್ಲರಿಗೂ ಶೇಂಗಾ ಉಂಡಿ, ಎಳ್ಳುಂಡಿ. ಬಂತೆಂದರೆ, ಬಳಗದಲ್ಲಿ ಯಾರ ತೋಳಿಗೆ ಅದು ನಿಲ್ಲುತ್ತದೋ ಅವರ ಮನೆಗೆ ಹೋಗಬೇಕು. ಯಮನಮ್ಮ ತೊಡತೊಡಗಿದಾಗಿನಿಂದ ಅವಳ ತೋಳಿನಿಂದ ಅದು ಒಮ್ಮೆಯೂ ಅಲುಗಿರಲಿಲ್ಲ. ಹೋದ ವರ್ಷದ ಪಂಚಮಿಗೆ ಮಾತ್ರ, ಯಾರೂ ಮುಟ್ಟುವ ಮೊದಲೇ, ಉಂಡಿ ಕಟ್ಟುತ್ತ ಕೂತಿದ್ದ ಮುದುಕಿಯ ತೋಳಿನಿಂದ ತಾನೇ ಜಾರಿ ಪರಾತದಲ್ಲಿ ಬಿತ್ತು. ತೋಳು ಸೊರಗಿದ್ದು ಅವಳಿಗೂ ಗೊತ್ತಾಗಿರಲಿಲ್ಲ. ಬೆಲ್ಲ ಮೆತ್ತಿದ ಬಂದಿಯನ್ನು ಸೆರಗಿನಿಂದ ಒರೆಸಿ ಯಮನಮ್ಮ ಸೊಸೆಯ ಕೈಗಿಟ್ಟಳು.

ಅನುಪಮಾ ತೊಟ್ಟಳು. ಅದು ಮೊಣಕೈ ದಾಟಿ, ಮುಂಗೈ ದಾಟಿ, ನೆಲಕ್ಕೆ ಬಿದ್ದು ಉರುಳಿತು.

ಆಗ ಎದ್ದು ಬಂದವಳು ರೇಣುಕಮ್ಮ. ಯಮನಮ್ಮನ ಅಣ್ಣನ ಮಗಳು, ಲಿಂಗಸುಗೂರಿನಲ್ಲಿ ಹಿಟ್ಟಿನ ಗಿರಣಿ ನಡೆಸುತ್ತಾಳೆ. ಜೋಳದ ಚೀಲವನ್ನು ತಾನೇ ಎತ್ತಿ ಗಿರಣಿಗೆ ಸುರಿಯುವ ಹೆಣ್ಣುಮಗಳು. ಅವಳ ತೋಳಿಗೆ ಬಂದಿ ಹೇಳಿ ಮಾಡಿಸಿದ ಹಾಗೆ ಕೂತಿತು. ಕೆಟ್ಟವಳಲ್ಲ, ಬಾಯಿ ಮಾತ್ರ ಸ್ವಲ್ಪ ಸಡಿಲು. “ಅತ್ತೀ, ಪೆನ್ ಹಿಡಿಯೋ ಕೈಗೆ ಇದು ದಕ್ಕಂಗಿಲ್ಲ ಬಿಡ್ರಿ,” ಅಂದಳು. ಯಮನಮ್ಮ ಒಂದು ವರ್ಷದ ವಾಯಿದೆ ಕೇಳಿದಳು. ಮುಂದಿನ ಪಂಚಮಿಗೂ ಅನುಪಮಾಳ ತೋಳಿಗೆ ನಿಲ್ಲದಿದ್ದರೆ ಬಂದಿ ರೇಣುಕಮ್ಮನದು ಎಂದು ಎಲ್ಲರೆದುರು ಮಾತಾಯಿತು.

“ಅಕ್ಕಸಾಲಿಗನ ಹತ್ತಿರ ಕೊಟ್ಟು ಸಣ್ಣದು ಮಾಡಿಸಿದರಾಯಿತಲ್ಲೇ,” ಎಂದೆ ನಾನು.

“ಇಲ್ರೀ ಅಕ್ಕಾ. ಆದಮ್ಮ ತೊಟ್ಟಿದ್ದು ಹೆಂಗಿತ್ತೋ ಹಂಗ ಇರಬೇಕು. ಬೆಂಕಿಗೆ ಹಾಕಿದ್ರ ಅದು ಬ್ಯಾರೇನ ಆಗ್ತೈತಿ. ನನ್ನ ತೋಳ ಬ್ಯಾರೆ ಮಾಡ್ಕೋತೀನಿ.”

ಅವಳ ಆಸೆ ಬೆಳ್ಳಿಯದಲ್ಲ. ಅವಳ ತವರು ಲಿಂಗಸುಗೂರಿನ ಬೌದ್ಧ ಮನೆತನ, ತಂದೆ ನೌಕರಿಯಲ್ಲಿದ್ದವರು. ಹಬ್ಬ, ಹುತ್ತ, ಹಾಲು ಯಾವುದೂ ಆ ಮನೆಯಲ್ಲಿ ಇರಲಿಲ್ಲ. ಗದ್ದೆಗೆ ಇಳಿದು ಗೊತ್ತಿಲ್ಲದ, ನಾಗಪ್ಪನಿಗೆ ಕೈ ಮುಗಿಯದ ಸೊಸೆಯನ್ನು ಯಮನಮ್ಮ ಒಂದು ಮಾತೂ ಅಂದವಳಲ್ಲ. “ಹಾಲು ನಾ ಹಾಕ್ತೀನಿ, ಬಂದಿ ನೀ ತೊಡು. ಅದು ದೇವರದಲ್ಲ, ನಮ್ಮತ್ತೀದು,” ಅಂದಿದ್ದಳು. ಅಂಥ ಅತ್ತೆಯ ಕಣ್ಣ ಮುಂದೆ ಬಂದಿ ತನ್ನ ಕೈಯಿಂದ ಉರುಳಿ ಹೋದದ್ದು ಅನುಪಮಾಳಿಗೆ ನುಂಗಲಾಗಿರಲಿಲ್ಲ. ಆದಮ್ಮ ತನ್ನವಳೂ ಆಗಬೇಕಿತ್ತು ಅವಳಿಗೆ.

ಸಿಂಧನೂರಿನ ಕುಷ್ಟಗಿ ರಸ್ತೆಯಲ್ಲಿ ಒಂದು ಜಿಮ್ ಇದೆ. ಸಂಜೆ ಸ್ವಲ್ಪ ಹೊತ್ತು ಹೆಂಗಸರಿಗೆ. ಕಲಿಸುವವಳು ವಸೀಮಾ, ನಮ್ಮ ಓಣಿಯಲ್ಲಿ ಬಟ್ಟೆ ಹೊಲಿಯುವ ಹಸೀನಾಬೀಯ ಮಗಳು. ಕಾಲೇಜಿನಲ್ಲಿ ಗುಂಡು ಎಸೆತದಲ್ಲಿ ಕಪ್ ಗೆದ್ದು ತಂದವಳು. ಅನುಪಮಾಳನ್ನು ಒಬ್ಬಳೇ ಕಳಿಸುವುದು ಹೇಗೆ ಎಂದು ನಾನೂ ಹೋದೆ. ಹೋಗಿ ಮಾಡಿದ್ದೇನು? ಬೆಂಚಿನ ಮೇಲೆ ಕೂತು, ದಾರಿಯಲ್ಲಿ ಕಟ್ಟಿಸಿಕೊಂಡು ಹೋದ ಮಿರ್ಚಿ ಭಜಿ ತಿಂದೆ. ಯಾರಾದರೂ ಬೆವರಬೇಕಾದರೆ ಯಾರಾದರೂ ನೋಡಲೂ ಬೇಕಲ್ಲ.

ಮೊದಲ ತಿಂಗಳು ಅನುಪಮಾ ಮಾಡಿದ ತಪ್ಪು ಆ ಮನೆಯ ಸೊಸೆ ಮಾತ್ರ ಮಾಡಬಹುದಾದದ್ದು. ಬಂದಿ ತೊಡುವುದು ಬಲಗೈಗೆ, ಹಾಗಾಗಿ ಬಲಗೈಯನ್ನಷ್ಟೇ ದುಡಿಸಿದಳು. ಡಂಬೆಲ್ ಎತ್ತಿದ್ದು ಬಲಗೈ, ಕಚೇರಿಯ ಚೀಲ ಹೊತ್ತದ್ದು ಬಲಗೈ, ಕೊನೆಗೆ ಮನೆಯಲ್ಲಿ ನೀರಿನ ಕೊಡ ಎತ್ತಿದ್ದೂ ಬಲಗೈ. ವಸೀಮಾ ನೋಡಿಯೂ ನೋಡದಂತೆ ಸುಮ್ಮನಿದ್ದಳು. ಒಂದು ದಿನ ಅನುಪಮಾ ಭುಜ ಹಿಡಿದುಕೊಂಡು, ಕತ್ತು ಒಂದು ಕಡೆ ವಾಲಿಸಿಕೊಂಡು ಬಂದಾಗ ಕೇಳಿದಳು, “ಅಕ್ಕಾ, ಎಡಗೈ ಏನು ತವರುಮನೀಗೆ ಹೋಗೈತಿ?”

ಬಂದಿಯ ವಿಷಯ ತಿಳಿದ ಮೇಲೆ ವಸೀಮಾ ನಗಲಿಲ್ಲ. ಅವಳನ್ನು ಕನ್ನಡಿಯ ಮುಂದೆ ನಿಲ್ಲಿಸಿ ತೋಳು ಮುಟ್ಟಿ ತೋರಿಸಿದಳು. “ನೀವು ಮುಂದಿನ ಉಬ್ಬಷ್ಟೇ ತೋಳು ಅಂತ ತಿಳ್ಕೊಂಡೀರಿ. ತೋಳಿನ ಬಹಳ ಪಾಲು ಮಾಂಸ ಹಿಂದ ಐತಿ. ಅದು ಬೆಳೀಬೇಕಂದ್ರ ದಬ್ಬಬೇಕು. ಮುಂದಿಂದು ಬೆಳೀಬೇಕಂದ್ರ ಜಗ್ಗಬೇಕು, ಮಡಚಬೇಕು. ಬೆನ್ನು, ಭುಜ ಗಟ್ಟಿ ಇಲ್ಲಂದ್ರ ತೋಳಿನ್ಯಾಗ ಏನೂ ನಿಲ್ಲಂಗಿಲ್ಲ. ಮತ್ತ ಎರಡೂ ಕೈ.”

ಅಲ್ಲಿಂದ ನಿಜವಾದ ತಾಲೀಮು ಶುರುವಾಯಿತು. ಗೋಡೆಗೆ ಕೈಕೊಟ್ಟು ದಬ್ಬುವುದು, ಆಮೇಲೆ ಬೆಂಚಿಗೆ, ಆಮೇಲೆ ನೆಲಕ್ಕೆ. ಮೊದಲ ಸಲ ನೆಲದ ಮೇಲೆ ದಂಡ ಹೊಡೆದ ದಿನ ಮೂಗು ನೆಲಕ್ಕೆ ತಾಗಿ ಅವಳು ಅಲ್ಲೇ ನಗುತ್ತ ಮಲಗಿಬಿಟ್ಟಳು. ಬಾಗಿ ನಿಂತು ಭಾರವನ್ನು ಹೊಟ್ಟೆಯ ಕಡೆ ಜಗ್ಗುವುದು. ಡಂಬೆಲ್ ತಲೆಯ ಹಿಂದೆ ಇಳಿಸಿ ಎತ್ತುವುದು. ಮೊಣಕೈಯನ್ನು ಪಕ್ಕೆಗೆ ಅಂಟಿಸಿಟ್ಟು, ಮುಂಗೈ ಮಾತ್ರ ಮಡಚಿ ಭಾರ ಮೇಲೆ ತರುವುದು. ಈ ಕೊನೆಯದರಲ್ಲಿ ವಸೀಮಾ ಬಲು ಕಟ್ಟುನಿಟ್ಟು. “ಎತ್ತಿದ್ದು ದೊಡ್ಡದಲ್ರೀ, ನಿಧಾನಕ್ಕ ಇಳಸ್ರಿ. ಸೊಂಟ ಅಲ್ಲಾಡಿಸಿ ಎತ್ತಿದ್ರ ಅದು ಸೊಂಟದ್ದಾತು, ತೋಳಿಂದಲ್ಲ.” ಹಗುರವಾಯಿತು ಅನ್ನಿಸಿದಾಗ ಭಾರ ಸ್ವಲ್ಪ ಏರಿಸುವುದು. ಒಂದು ದಿನ ಮಾಡಿದರೆ ಮರುದಿನ ತೋಳಿಗೆ ರಜೆ. ತೋಳು ಬೆಳೆಯುವುದು ಜಿಮ್ಮಿನಲ್ಲಲ್ಲ, ಉಂಡು ಮಲಗಿದಾಗ ಎಂದು ವಸೀಮಾ ಹೇಳಿದ್ದು ಮಾತ್ರ ನನಗೆ ಬಹಳ ಹಿಡಿಸಿತು. ಅದರಲ್ಲಿ ಅರ್ಧವನ್ನು ನಾನು ಮೊದಲಿನಿಂದಲೂ ತಪ್ಪದೆ ಪಾಲಿಸುತ್ತ ಬಂದಿದ್ದೇನೆ.

ಸುದ್ದಿ ಜವಳಗೇರಾಕ್ಕೆ ಮುಟ್ಟಿತು. ಬಸ್ಸಿನಲ್ಲಿ ಬಂದವರ ಕೈಲಿ ಯಮನಮ್ಮ ನಾಟಿ ಕೋಳಿಯ ತತ್ತಿ, ಹುರಿದ ಶೇಂಗಾ, ಹೆಸರುಕಾಳು ಕಳಿಸತೊಡಗಿದಳು. ಫೋನಿನಲ್ಲಿ ಒಂದೇ ಪ್ರಶ್ನೆ, “ತಿಂದೇನಬೇ?” ಮಲ್ಲೇಶನಿಗೆ ತತ್ತಿಯ ಪಾಲು ಸಿಗುತ್ತಿರಲಿಲ್ಲ. ಅವನು ನನ್ನ ಮುಂದೆ ದೂರು ಹೇಳಿಕೊಂಡ, ನಾನು ಭಜಿ ಕೊಟ್ಟು ಸಮಾಧಾನ ಮಾಡಿದೆ.

ತೋಳು ಬಂತು. ನಿಧಾನಕ್ಕೆ, ದಿನಾ ನೋಡುವ ನನಗೆ ಗೊತ್ತೇ ಆಗದ ಹಾಗೆ ಬಂತು. ಒಂದು ದಿನ ಹಸೀನಾಬೀ ಕುಪ್ಪಸದ ತೋಳು ಬಿಚ್ಚಿ ದೊಡ್ಡದು ಮಾಡಬೇಕಾಯಿತು. ಬಸ್ಸಿನ ಕಂಬಿಗೆ ಜೋತುಬೀಳುತ್ತಿದ್ದವಳು ಈಗ ಕಂಬಿಯ ಕಡೆಗೆ ತನ್ನನ್ನೇ ಒಂದಿಷ್ಟು ಎತ್ತಿಕೊಳ್ಳುತ್ತಿದ್ದಳು. ಪೀರ್‌ಸಾಬ್ ತಮಾಷೆ ಬಿಟ್ಟು, “ಇನ್ನೊಂದೀಟು, ಇನ್ನೊಂದೀಟು,” ಎಂದು ಹುರಿದುಂಬಿಸುತ್ತಿದ್ದರು. ಹೆಂಗಸರ ತೋಳು ಗಂಡಸರ ತೋಳಿನ ಹಾಗೆ ಉಬ್ಬುವುದಿಲ್ಲ, ಆದರೆ ಮುಟ್ಟಿದರೆ ಗೊತ್ತಾಗುತ್ತಿತ್ತು. ನನಗೆ ಹೆಮ್ಮೆ ಆಯಿತು. ಕೂತು ನೋಡಿದವರಿಗೂ ಅದರಲ್ಲಿ ಪಾಲಿದೆ ಎಂದು ನಾನು ಇವತ್ತಿಗೂ ನಂಬಿದ್ದೇನೆ.

ಆದರೂ ಪಂಚಮಿ ಹತ್ತಿರ ಬಂದಾಗ ಬಂದಿ ತರಿಸಿ ತೊಟ್ಟು ನೋಡಿದರೆ ಕೂದಲೆಳೆ ಸಡಿಲು. ತಾನಾಗಿ ಬೀಳುತ್ತಿರಲಿಲ್ಲ. ಜಗ್ಗಿದರೆ ಬರುತ್ತಿತ್ತು.

ಅನುಪಮಾಳ ಮುಖ ಸಣ್ಣದಾಯಿತು. ಆಮೇಲೆ ಒಂದು ಉಪಾಯ ಹೊಳೆಯಿತು. ವ್ಯಾಯಾಮ ಮಾಡಿದ ಕೂಡಲೇ ತೋಳಿಗೆ ರಕ್ತ ತುಂಬಿ ಬಿಗಿಯುತ್ತದಲ್ಲ, ಆಗ ತೊಟ್ಟರೆ? ವಸೀಮಾ ತಲೆ ಅಲ್ಲಾಡಿಸಿದಳು. “ಅದು ನಂಬೋ ಗಾತ್ರ ಅಲ್ಲಕ್ಕಾ. ಸ್ವಲ್ಪ ಹೊತ್ತಿಗೆ ಇಳೀತೈತಿ.” ಅನುಪಮಾ ಕೇಳಿಸಿಕೊಂಡಳು, ಒಪ್ಪಿಕೊಳ್ಳಲಿಲ್ಲ.

ಪಂಚಮಿಯ ದಿನ ನಾನೂ ಜವಳಗೇರಾಕ್ಕೆ ಹೋದೆ. ಬೇವಿನ ಮರಕ್ಕೆ ಜೋಕಾಲಿ ಕಟ್ಟಿದ್ದರು. ಪಡಸಾಲೆ ತುಂಬ ಉಂಡಿಯ ವಾಸನೆ, ಜೋಳದ ಅಳ್ಳಿನ ರಾಶಿ. ಯಮನಮ್ಮ ಹುತ್ತಕ್ಕೆ ಹಾಲು ಹಾಕಿ ಬಂದು ಮಂಚದ ಮೇಲೆ ಕೂತಿದ್ದಳು. ಅನುಪಮಾ ಹಿತ್ತಲ ಕೋಣೆಯಲ್ಲಿ ಎರಡು ಎಣ್ಣೆ ಡಬ್ಬಿಗಳನ್ನು ಹಿಡಿದು ಮಡಚಿದ್ದೇ ಮಡಚಿದ್ದು, ನೆಲಕ್ಕೆ ದಂಡ ಹೊಡೆದದ್ದೇ ಹೊಡೆದದ್ದು. ನಾನು ಬಾಗಿಲು ಕಾದೆ. ತೋಳು ಕೆಂಪಗೆ ಬಿಗಿದಾಗ ಎಣ್ಣೆ ಹಚ್ಚಿ ಬಂದಿ ಏರಿಸಿದೆವು. ಅದು ಹಿಡಿದು ಕೂತಿತು. ನಾನೇ ಒಂದು ಸಲ ಜಗ್ಗಿ ನೋಡಿದೆ, ಜಪ್ಪಯ್ಯ ಅನ್ನಲಿಲ್ಲ. ಇಬ್ಬರೂ ಒಬ್ಬರ ಬಾಯಿ ಒಬ್ಬರು ಮುಚ್ಚಿಕೊಂಡು ನಕ್ಕೆವು.

ಹೊರಗೆ ಬಂದರೆ ರೇಣುಕಮ್ಮ ಇನ್ನೂ ಬಂದಿರಲಿಲ್ಲ. ಹಬ್ಬದ ಬಸ್ಸು, ಮಸ್ಕಿಯಲ್ಲಿ ಜಾಗ ಸಿಗದೆ ನಿಂತಿದ್ದಾಳೆ ಎಂದು ಫೋನು ಬಂತು. ಅವಳು ಬರುವ ತನಕ ಆಟ ಶುರುವಾಗುವುದಿಲ್ಲ. ಅನುಪಮಾ ಬಂದವರಿಗೆ ನೀರು ಕೊಟ್ಟಳು, ಉಂಡಿ ಕೊಟ್ಟಳು, ಮಕ್ಕಳನ್ನು ಜೋಕಾಲಿಯಲ್ಲಿ ತೂಗಿದಳು. ನಾನು ಅವಳ ತೋಳನ್ನೇ ನೋಡುತ್ತಿದ್ದೆ. ಕೆಂಪು ಇಳಿಯಿತು. ಬಿಗಿತ ಇಳಿಯಿತು. ಬಂದಿಯ ಕೆಳಗೆ ಎಣ್ಣೆ ಹೊಳೆಯುವುದು ಕಾಣತೊಡಗಿತು. ವಸೀಮಾ ಹೇಳಿದ್ದು ನಿಜವಾಗುತ್ತಿತ್ತು, ನನ್ನ ಬಾಯೊಳಗಿನ ಉಂಡಿ ಒಳಗೆ ಹೋಗಲಿಲ್ಲ.

ರೇಣುಕಮ್ಮ ಬಂದಳು, ಕೈಕಾಲು ತೊಳೆದಳು, ನೀರು ಕುಡಿದಳು. ಅನುಪಮಾ ಪಡಸಾಲೆಯ ನಡುವೆ ಬಲಗೈ ಚಾಚಿ ನಿಂತಳು. ಚಿಕ್ಕವರು ಮೊದಲು ಜಗ್ಗಿದರು, ಬಂದಿ ತುಸು ಸರಿಯಿತು, ನಿಂತಿತು. ಆಮೇಲೆ ದೊಡ್ಡವರು ಜಗ್ಗಿದರು, ಇನ್ನೂ ತುಸು ಸರಿಯಿತು. ಕೊನೆಗೆ ರೇಣುಕಮ್ಮ ಸೆರಗು ಸಿಕ್ಕಿಸಿಕೊಂಡು ಬಂದು, ಅನುಪಮಾಳ ತೋಳು ಹಿಚುಕಿ ನೋಡಿ, “ಅಯ್ಯ, ಗಟ್ಟಿ ಮಾಡೀಯಲ್ಲಬೇ,” ಎಂದು ಮೆಚ್ಚಿಕೊಂಡೇ ಜಗ್ಗಿದಳು. ಬಂದಿ ಜಾರಿ ಮೊಣಕೈಗೆ ಬಂದು ಕೂತಿತು. ಅವಳು ಹಿಡಿತ ಬಿಟ್ಟಿರಲಿಲ್ಲ, ಇನ್ನೊಂದಿಷ್ಟು ಎಳೆದರೆ ಸಾಕಿತ್ತು. ಅನುಪಮಾ ಕಣ್ಣು ಮುಚ್ಚಿಕೊಂಡಳು.

“ಅನೂ, ಕೈ ಮಡಚು,” ಎಂದಳು ಮಂಚದ ಮೇಲಿದ್ದ ಯಮನಮ್ಮ.

ರೇಣುಕಮ್ಮ ತಿರುಗಿ ನೋಡಿದಳು. “ಅತ್ತೀ, ಇದ್ಯಾವ ಹೊಸ ಆಟ? ಕೈ ನೆಟ್ಟಗ ಇರಬೇಕಲ್ಲ?”

“ನೆಟ್ಟಗ ಇರಬೇಕು ಅನ್ನೋದು ನಾವು ಮಾಡ್ಕೊಂಡಿದ್ದು,” ಎಂದಳು ಯಮನಮ್ಮ. “ನಮ್ಮತ್ತಿ ತೋಳು ದಪ್ಪ ಇತ್ತು ಅಂತ ನೀವೆಲ್ಲಾ ಹೇಳ್ತೀರಿ. ಎಲ್ಲಿ ದಪ್ಪ? ಹೊಟ್ಟಿಗೆ ಕೂಳಿಲ್ಲದ ಕಾಲ ಅದು. ಬಂದಿ ಆಕೀಗೂ ಸಡಿಲ ಇತ್ತು. ಸಾಯೋ ಮುಂದ ನನಗೊಬ್ಬಾಕೀಗೆ ಹೇಳ್ಯಾಳ. ಆವತ್ತು ಜಗ್ಗಿದಾಗ ಬಂದಿ ಹಿಂಗ ಮೊಣಕೈಗೆ ಬಂದಿತ್ತಂತ. ಆಕಿ ಕೈ ಮಡಚಿದ್ಲು. ಆ ಗಂಡಸು ಎಷ್ಟು ಜಗ್ಗಿದ್ರೂ ಬಿಡಲಿಲ್ಲ. ಮನೀಗೆ ಬರೋತನಕ ಆ ಕೈ ಬಿಚ್ಚಲಿಲ್ಲ.”

ರೇಣುಕಮ್ಮ ಒಪ್ಪಿ, ಸೆರಗನ್ನು ಇನ್ನಷ್ಟು ಬಿಗಿಯಾಗಿ ಸಿಕ್ಕಿಸಿಕೊಂಡಳು.

ಅನುಪಮಾ ಮೊಣಕೈಯನ್ನು ಪಕ್ಕೆಗೆ ಒತ್ತಿಕೊಂಡಳು. ಸೊಂಟ ಅಲುಗಲಿಲ್ಲ. ಮುಂಗೈ ನಿಧಾನಕ್ಕೆ ಮೇಲೆ ಬಂತು, ಭುಜದ ಹತ್ತಿರ ಬಂದು ನಿಂತಿತು. ವರ್ಷವಿಡೀ ಜಿಮ್ಮಿನಲ್ಲಿ ನಾನು ಭಜಿ ತಿನ್ನುತ್ತ ನೋಡಿದ್ದು ಇದನ್ನೇ. ರೇಣುಕಮ್ಮ ಎರಡೂ ಕೈಯಿಂದ ಬಂದಿ ಹಿಡಿದು ಜಗ್ಗಿದಳು. ಹೊಸ್ತಿಲಿಗೆ ಕಾಲು ಕೊಟ್ಟು ಜಗ್ಗಿದಳು. ಚೀಲ ಎತ್ತುವ ಹೆಣ್ಣುಮಗಳು, ಬಿಡುವವಳಲ್ಲ. ಅನುಪಮಾ ಒಂದು ಹೆಜ್ಜೆ ಎಳೆದುಹೋದಳು, ಆದರೆ ಕೈ ಬಿಚ್ಚಲಿಲ್ಲ. ಕೊನೆಗೆ ರೇಣುಕಮ್ಮನೇ ಉಸಿರು ಬಿಟ್ಟು ನೆಲಕ್ಕೆ ಕೂತು, “ತಗೋ, ಇದು ನಿಂದ. ಎಲ್ಲಿ, ಉಂಡಿ ಕೊಡ್ರಿ ನನಗ,” ಎಂದು ನಕ್ಕಳು. ಅವಳ ಕಣ್ಣಲ್ಲಿ ನೀರಿತ್ತು. ನನ್ನ ಕಣ್ಣಲ್ಲೂ ಇತ್ತು, ಹೇಳಿಕೊಳ್ಳಲು ನನಗೇನೂ ನಾಚಿಕೆ ಇಲ್ಲ.

ಯಮನಮ್ಮ ಸೊಸೆಯನ್ನು ಹತ್ತಿರ ಕರೆದು, ಮಡಚಿದ ತೋಳಿನ ಗಂಟನ್ನು ಬೆರಳಿನಿಂದ ಒತ್ತಿ ನೋಡಿದಳು. “ನನಗೂ ಇಷ್ಟು ಇರಲಿಲ್ಲಬೇ,” ಅಂದಳು. “ಇನ್ನ ಬಿಚ್ಚು, ಕೈ ನೋಯತೈತಿ.”

ಮರುದಿನ ಬೆಳಗಿನ ಬಸ್ಸಿನಲ್ಲಿ ಅನುಪಮಾ ಅಪರೂಪಕ್ಕೆ ಸೀಟಿನಲ್ಲಿ ಕೂತಳು. ಬಂದಿ ಮನೆಯಲ್ಲಿಟ್ಟು ಬಂದಿರಲಿಲ್ಲ. ಕಚೇರಿಗೆ ತೊಟ್ಟುಕೊಂಡೇ ಹೋಗುತ್ತೇನೆ, ಯಾರು ಏನು ಅನ್ನುತ್ತಾರೋ ನೋಡೋಣ ಅಂದಳು. ಪೀರ್‌ಸಾಬ್ ಟಿಕೆಟ್ ಕೊಟ್ಟವರು ತೋಳು ನೋಡಿ, “ಮಾಶಾಅಲ್ಲಾ,” ಅಂದು ಮುಂದೆ ಹೋದರು. ಕಿಟಕಿಯ ಅಂಚಿಗೆ ಮೊಣಕೈ ಮಡಚಿ ಇಟ್ಟುಕೊಂಡು ಅವಳು ಗದ್ದೆ ನೋಡುತ್ತಿದ್ದಳು. ರಸ್ತೆ ತುಂಬ ಗುಂಡಿ, ಬಸ್ಸು ಕುಣಿಯಿತು, ನನ್ನ ಡಬ್ಬಿ ಎರಡು ಸಲ ಕೆಳಗೆ ಬಿತ್ತು. ನಾನು ಮಸ್ಕಿಯಲ್ಲಿ ಇಳಿಯುವಾಗ ನೋಡಿದೆ, ಬಂದಿ ಇದ್ದಲ್ಲೇ ಇತ್ತು.